ಕೂಸಿನ ಕೌದಿಯ ಹಸಿರು ಚೂರು

ಎಂಟು ದಿನದಿಂದ ಹಿಡಿದಿದ್ದ ಜಿಟಿಜಿಟಿ ಮಳೆ ನಿನ್ನೆ ತುಸು ಬಿಡುವು ಕೊಟ್ಟಿತು. ಧಾರವಾಡದ ಸಪ್ತಾಪುರದ ನಮ್ಮ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಮನೆಯೊಡತಿ ಅಜ್ಜಿ ಹಳೆಯ ಸೀರೆಯ ಚೂರು ಕೂಡಿಸಿ ಹೊಲಿದ ತಮ್ಮ ಕೌದಿಗಳನ್ನೆಲ್ಲ ತಂದು ಹರವಿದ್ದರು. ಬಟ್ಟೆ ಒಣಹಾಕಲು ಮೇಲೆ ಹೋದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹಳೆಯ ನೂಲಿಗೆ ಸಾಬೂನಿನ ವಾಸನೆ ಹತ್ತಿ, ಅದರೊಳಗೆ ಸ್ವಲ್ಪ ಮುಗ್ಗಲೂ ಉಳಿದು, ಬಿಸಿಲಿಗೆ ಕಾಯುವ ಕೌದಿಯ ವಾಸನೆ ಬೇರೆ ಯಾವುದಕ್ಕೂ ಇರುವುದಿಲ್ಲ. ಮೂರು ವರ್ಷದ ಹಿಂದಿನ ಶ್ರಾವಣ ಇನ್ನೂ ನನ್ನನ್ನು ಬಿಟ್ಟಿಲ್ಲ.

ನಾನು ವಿಡಿಯೋ ಮಾಡುವವಳು. ನಮ್ಮ ಕಡೆಯ ಅಡುಗೆ, ಉಡುಗೆ, ಹಬ್ಬ, ಮನೆಗೆಲಸ ಇಂಥವನ್ನು ಹಿಡಿದು ಚಾನೆಲ್ಲಿಗೆ ಹಾಕುತ್ತೇನೆ. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ನಾಲ್ಕು ವರ್ಷ ಗಂಟಲು ಹರಿದುಕೊಂಡ ಮೇಲೆ ಹಿಡಿದ ದಾರಿ ಇದು. ಆಗ ನನಗೆ ಭಾರೀ ಸೊಕ್ಕು. ಬೇರೆಯವರ ವಿಡಿಯೋ ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಅಂಗಡಿಯಿಂದ ತಂದ ಇಳಕಲ್ ಸೀರೆಯ ಮಡಿಕೆಯ ಗೆರೆ ಕೂಡ ಹೋಗಿರುವುದಿಲ್ಲ, ಅದನ್ನುಟ್ಟು, ಇನ್ಯಾರೋ ಬಡಿದ ರೊಟ್ಟಿಯ ಮೇಲೆ ಬಣ್ಣದುಗುರಿನ ಕೈಯಿಟ್ಟು, ಇದೇ ನಮ್ಮ ಹಳ್ಳಿ ಬದುಕು ಅನ್ನುತ್ತಾರೆ. ನಾನು ಹಾಗಲ್ಲ. ಹಿನ್ನೆಲೆಗೆ ಸಂಗೀತ ಹಾಕುವುದಿಲ್ಲ, ಯಾರ ಬಾಯಿಗೂ ಮಾತು ತುರುಕುವುದಿಲ್ಲ. ಪ್ರತಿ ವಿಡಿಯೋದ ಶುರುವಿಗೆ ನನ್ನದೇ ದನಿ ಇರುತ್ತಿತ್ತು: "ಇಲ್ಲಿ ನಾವು ಏನೂ ಹಚ್ಚಂಗಿಲ್ಲ, ಏನೂ ತಗಿಯಂಗಿಲ್ಲ." ಅದನ್ನು ಹೇಳುವಾಗ ನನಗೇ ನನ್ನ ಮೇಲೆ ಪ್ರೀತಿ ಉಕ್ಕುತ್ತಿತ್ತು.

ನಿಂಗವ್ವನನ್ನು ಕಂಡದ್ದು ಆ ಸೊಕ್ಕಿನ ದಿನಗಳಲ್ಲೇ. ಅಮ್ಮಿನಬಾವಿಯಲ್ಲಿ ಬಸ್ಸಿಳಿದು ಕೆಸರು ದಾಟಿ ಹೋದರೆ ಸಣ್ಣ ಓಣಿಯೊಂದರ ಕೊನೆಯ ಮನೆ. ಎಪ್ಪತ್ತು ದಾಟಿದ ಹೆಂಗಸು. ಕೂಸುಗಳಿಗೆ ಕೌದಿ ಹೊಲಿಯುವುದರಲ್ಲಿ ಸುತ್ತಲಿನ ಊರಿಗೆಲ್ಲ ಹೆಸರುವಾಸಿ. ತವರಿನಲ್ಲಿ ಬಾಣಂತನ ಮುಗಿಸಿ ಸೊಸೆ ಗಂಡನ ಮನೆಗೆ ಬರುವ ಹೊತ್ತಿಗೆ ಕೂಸಿಗೆ ನಿಂಗವ್ವನ ಕೌದಿ ತಯಾರಿರಬೇಕು ಎನ್ನುವುದು ಅಲ್ಲಿಯ ಎಷ್ಟೋ ಮನೆಗಳ ರೂಢಿ. ಆ ಕೌದಿಗೆ ಒಂದು ಕಟ್ಟಳೆಯಿತ್ತು. ಮೇಲೆ ಕೂಡಿಸುವ ಚೂರುಗಳೆಲ್ಲ ಬಾಳಿ ಹಣ್ಣಾದ, ಮೊಮ್ಮಕ್ಕಳನ್ನು ಕಂಡ ಹೆಂಗಸರ ಸೀರೆಯವೇ ಆಗಬೇಕು. ಅವರ ಆಯುಷ್ಯ ಕೂಸಿಗೆ ಹತ್ತಲಿ ಎಂಬ ಆಸೆ. ಹಾಗಾಗಿ ಕತ್ತರಿ ಹಿಡಿಯುವ ಮೊದಲು ನಿಂಗವ್ವನದು ದೊಡ್ಡ ವಿಚಾರಣೆ.

"ಯಾರದು, ಏನು ಅಂತ ಗೊತ್ತಿಲ್ಲದ ಅರಬಿಗೆ ನಾ ಸೂಜಿ ಹಚ್ಚೂದಿಲ್ಲವಾ," ಎಂದಳು ಮೊದಲ ದಿನವೇ. "ಉಟ್ಟಾಕಿ ಬಾಳೇವು ಹೆಂಗಿತ್ತು ಅಂತ ನನಗ ಹೇಳಬೇಕು. ಅಂದ್ರನ ನನ್ನ ಕೈ ಓಡ್ತೈತಿ."

ನನಗೆ ಬೇಕಾದದ್ದು ಅದೇ. ಚೂರು ಚೂರಿಗೂ ಒಬ್ಬೊಬ್ಬ ಹೆಂಗಸಿನ ಕತೆ, ಅದೂ ಹೊಲಿಯುವವಳ ಬಾಯಿಂದಲೇ.

ಆಗ ಅವಳ ಮಡಿಲಲ್ಲಿದ್ದದ್ದು ಮೇಲಿನ ಓಣಿಯ ಶಾಂತವ್ವನ ಮನೆಯ ಕೌದಿ. ಶಾಂತವ್ವನ ಮಗನದು ಹುಬ್ಬಳ್ಳಿಯಲ್ಲಿ ಕಾಳುಕಡಿ ವ್ಯಾಪಾರ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಸೊಸೆ ಸವಿತಾ ಹೆಣ್ಣುಕೂಸು ಹೆತ್ತಿದ್ದಳು. ಮೂರು ತಿಂಗಳ ಆ ಕೂಸು ಪಂಚಮಿ ಮುಗಿಸಿಕೊಂಡು ಮನೆಗೆ ಬರುವುದಿತ್ತು. ತೊಂಬತ್ತು ದಾಟಿ ಬದುಕಿದ ತನ್ನ ತಾಯಿಯ ಹಸಿರು ಸೀರೆಯನ್ನು ಶಾಂತವ್ವ ಪೆಟ್ಟಿಗೆಯಿಂದ ತೆಗೆದು ನಿಂಗವ್ವನಿಗೆ ಕೊಟ್ಟಿದ್ದಳು. ಕೌದಿಯ ನಟ್ಟನಡುವೆ ಅದರ ಚೂರು ಕೂತಿತ್ತು.

ಮೂರು ತಾಸು ಚಿತ್ರೀಕರಣ ಮಾಡಿದೆ. ಹೊರಗೆ ಸಣ್ಣಗೆ ಮಳೆ. ನಿಂಗವ್ವ ತನ್ನದೇ ಒಂದು ಹಳೆಯ ಕೌದಿ ಹಾಸಿಕೊಂಡು ಅದರ ಮೇಲೆ ಕೂತು ಹೊಲಿಯುತ್ತಿದ್ದಳು. ನಡುವೆ ಸೂಜಿ ನಿಲ್ಲಿಸಿ, ಕೂತ ಹಾಸಿಗೆಯ ಮೇಲೆ ಕೈಯಾಡಿಸುತ್ತ ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ.

"ಈ ಹಸರು ಚೂರು ಐತೆಲ್ಲ, ಇದು ನಮ್ಮ ಗಂಗವ್ವನ ಮಗಳು ರೇಣುಕಾಂದು. ಚೊಚ್ಚಿಲ ಬಾಣಂತನಕ್ಕ ತವರಿಗೆ ಬಂದಾಕಿ ಹೊಳ್ಳಿ ಹೋಗಲಿಲ್ಲ. ಕೂಸೂ ಉಳೀಲಿಲ್ಲ. ಗಂಗವ್ವ ಸೀರಿ ಸುಡಾಕ ಒಯ್ದಿದ್ಲು, ನಾ ಕೈಯಾಗಿಂದ ಕಸಕೊಂಡೆ. ಅರ್ಧಾ ನಿನಗ, ಅರ್ಧಾ ನನಗ ಇರಲೇಳು ಅಂದೆ. ಎಷ್ಟು ನಗತಿತ್ತು ಹುಡುಗಿ. ನಕ್ಕರ ಹಿಂದಿನ ಓಣಿಗೆ ಕೇಳಬೇಕು."

ಕ್ಯಾಮೆರಾ ಅವಳ ಮುಖದ ಮೇಲಿತ್ತು. ಕೈಯಾಡಿಸುತ್ತಿದ್ದ ಆ ಚೂರು ಚೌಕಟ್ಟಿನ ಹೊರಗೆ ಉಳಿದಿತ್ತು.

ನಾಲ್ಕು ದಿನದ ಮೇಲೆ ಮನೆಯಲ್ಲಿ ಕೂತು ಎಡಿಟ್ ಮಾಡುವಾಗ ಆ ಮಾತಿನ ಹತ್ತಿರ ಬಂದು ಸಿಕ್ಕಿಕೊಂಡೆ. ಅಷ್ಟು ಹೊತ್ತು ಬರೀ ಮುಖ ತೋರಿಸಿದರೆ ನೋಡುವವರು ಮುಂದಕ್ಕೆ ತಳ್ಳಿಬಿಡುತ್ತಾರೆ. ಹಸಿರು ಚೂರು ಅನ್ನುತ್ತಿದ್ದಾಳೆ, ಹಸಿರು ಚೂರು ಬೇಕು. ಹುಡುಕಿದರೆ ಸಿಕ್ಕೇ ಸಿಕ್ಕಿತು. ಕಿಟಕಿಯ ಬೆಳಕಿನಲ್ಲಿ ಹಸಿರು ಬಟ್ಟೆಯೊಳಗೆ ಸೂಜಿ ಮುಳುಗಿ ಏಳುವ ದೃಶ್ಯ. ನಾನೇ ಹಿಡಿದದ್ದು, ಅಷ್ಟು ಚೆಂದದ್ದು ಇಡೀ ಮೂರು ತಾಸಿನಲ್ಲಿ ಇನ್ನೊಂದಿರಲಿಲ್ಲ. ಮಾತಿನ ಮೇಲೆ ಇಟ್ಟೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅದು ಯಾವ ಕೌದಿ ಎಂದು ಕೇಳಿಕೊಳ್ಳಲೂ ಇಲ್ಲ. ಈ ಕೆಲಸದಲ್ಲಿ ಎಲ್ಲರೂ ಮಾಡುವುದೇ ಅದು, ದನಿ ಒಂದು ಕಡೆಯದು, ಚಿತ್ರ ಇನ್ನೊಂದು ಕಡೆಯದು. ನಾನು ಅದನ್ನು ಸುಳ್ಳು ಎಂದು ಯಾವತ್ತೂ ಎಣಿಸಿರಲಿಲ್ಲ.

ವಿಡಿಯೋ ಓಡಿತು. ಹಿಂದೆ ಯಾವುದೂ ಅಷ್ಟು ಓಡಿರಲಿಲ್ಲ. ನೋಡಿ ಅತ್ತುಬಿಟ್ಟೆವು ಎಂದು ಬರೆದವರೆಷ್ಟೋ. ನಾನು ದಿನಕ್ಕೆ ಇಪ್ಪತ್ತು ಸಲ ತೆರೆದು ನೋಡಿ ಉಬ್ಬುತ್ತಿದ್ದೆ. ಹುಬ್ಬಳ್ಳಿಯ ಒಂದು ಮಹಿಳಾ ಸಂಘದವರು ಫೋನು ಮಾಡಿ, ನಮ್ಮ ಸಂಸ್ಕೃತಿಯನ್ನು ಇದ್ದ ಹಾಗೆ ತೋರಿಸುವುದು ಹೇಗೆ ಎಂದು ಭಾಷಣ ಮಾಡಲು ಕರೆದರು. ಬಾಯಿ ತುಂಬ ಒಪ್ಪಿಕೊಂಡೆ.

ಭಾಷಣದ ದಿನ ಬೆಳಿಗ್ಗೆ, ಬಸ್ಸಿಗೆ ಹೊರಟು ನಿಂತಾಗ, ಗುರುತಿಲ್ಲದ ನಂಬರಿನಿಂದ ಫೋನು ಬಂತು. ಹೆಂಗಸಿನ ದನಿ, ಗುಟ್ಟಿನಲ್ಲಿ ಮಾತಾಡುವ ಹಾಗೆ.

"ಅಕ್ಕಾರ, ನಾ ಸವಿತಾರಿ, ಅಮ್ಮಿನಬಾವಿಯಿಂದ. ನಿಂಗವ್ವಾಯಿ ನಮ್ಮ ಕೂಸಿಗೇ ಕೌದಿ ಹೊಲದದ್ದರಿ. ನಿಮ್ಮ ವಿಡಿಯೋ ನೋಡಿ ನಮ್ಮ ಅತ್ತಿಯಾರು ಕೌದಿ ತಗದು ದನದ ಮನ್ಯಾಗ ಒಗದಾರ್ರಿ. ಸತ್ತ ಬಾಣಂತಿ ಸೀರಿ ನನ್ನ ಮೊಮ್ಮಗಳಿಗೆ ಹೊಚ್ಚಿದಳು ಅಂತ ನಿಂಗವ್ವಾಯಿ ಮನಿ ಮುಂದ ಹೋಗಿ ಬಾಯಿಗೆ ಬಂದಂಗ ಬೈದಾರ್ರಿ. ಕೂಸಿಗೆ ಎರಡು ದಿನದಿಂದ ಜ್ವರಾರಿ. ಖರೇನ ಅದು ಆಕಿ ಸೀರೀನ ಏನ್ರಿ?"

"ಛೆ, ಛೆ, ಹಂಗೇನೂ ಇರಲಿಕ್ಕಿಲ್ಲವಾ. ನೋಡಿ ಹೇಳ್ತೀನಿ," ಎಂದು ಫೋನು ಇಟ್ಟೆ.

ಬಸ್ಸಿನಲ್ಲಿ ಕೂತು ನನ್ನದೇ ವಿಡಿಯೋ ಹಚ್ಚಿ ನೋಡಿದೆ. ಈ ಹಸರು ಚೂರು ಐತೆಲ್ಲ ಅನ್ನುವ ದನಿ. ಪರದೆಯ ಮೇಲೆ ಶಾಂತವ್ವನ ತಾಯಿಯ ಸೀರೆ. ನವಲೂರು ದಾಟುವಷ್ಟರಲ್ಲಿ ಅದನ್ನೇ ನಾಲ್ಕು ಸಲ ನೋಡಿದ್ದೆ. ಹುಬ್ಬಳ್ಳಿಯಲ್ಲಿ ಇಳಿದೆ, ಸಭೆಗೆ ಹೋದೆ, ಮೈಕಿನ ಮುಂದೆ ನಿಂತು ಮುಕ್ಕಾಲು ತಾಸು ಮಾತಾಡಿದೆ. ಇದ್ದದ್ದನ್ನು ಇದ್ದ ಹಾಗೆ ತೋರಿಸಬೇಕು ಎಂದೆ. ಚಪ್ಪಾಳೆ ಹೊಡೆದರು. ಸೈಲೆಂಟಿನಲ್ಲಿಟ್ಟ ಫೋನು ಚೀಲದೊಳಗೆ ಆರು ಸಲ ಗುರುಗುಟ್ಟಿತು, ಆರೂ ಸವಿತಾಳವು. ಆ ಹೊತ್ತಿನ ನನ್ನ ಮುಖ ನೆನೆಸಿಕೊಂಡರೆ ನನಗೇ ವಾಕರಿಕೆ ಬರುತ್ತದೆ.

ತಿರುಗಿ ಬರುವಾಗ ಬಸ್ಸಿನಲ್ಲೇ ವಿಡಿಯೋ ಅಳಿಸಿ ಹಾಕಿದೆ. ಪೀಡೆ ಹೋಯಿತು ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಮುಚ್ಚಿಟ್ಟರೆ ಇನ್ನೂ ನಾಚಿಕೆ. ವಿಡಿಯೋನೇ ಇಲ್ಲದ ಮೇಲೆ ಮಾತು ತಾನಾಗಿ ತಣ್ಣಗಾಗುತ್ತದೆ, ನಾನು ಹೋಗಿ ತಲೆ ಕೊಡುವುದೇಕೆ. ಎರಡು ದಿನ ಮನೆಯಲ್ಲೇ ಕೂತೆ. ಮಳೆ ಜೋರಾಯಿತು. ಫೋನು ಸದ್ದು ಮಾಡಿದರೆ ಮಗುಚಿ ಇಡುತ್ತಿದ್ದೆ.

ಮೂರನೆಯ ದಿನ ಮತ್ತೆ ಸವಿತಾ. ಈ ಸಲ ಗುಟ್ಟಿನ ದನಿಯಿರಲಿಲ್ಲ, ಅಳುತ್ತಿದ್ದಳು.

"ಯಾಕ್ರಿ ಅಕ್ಕಾರ ಅಳಿಸಿದ್ರಿ? ಖರೇ ಇತ್ತು, ಅದಕ್ಕ ಹೆದರಿ ತಗದಾರ ಅಂತ ಊರೆಲ್ಲಾ ಅನ್ನಾಕತ್ತೈತ್ರಿ. ಹೊಲಿಯಾಕ ಕೊಟ್ಟಿದ್ದ ಇನ್ನಿಬ್ಬರೂ ತಮ್ಮ ಸೀರಿ ಹೊಳ್ಳಿ ಒಯ್ದಾರ್ರಿ. ಜ್ವರಾ ಇಳಿವಲ್ದು. ಬರೇ ನೆಗಡಿ ಜ್ವರಾ ಅಂತಾರ ಧಾರವಾಡದ ಡಾಕ್ಟರು, ನಮ್ಮ ಅತ್ತಿಯಾರು ಕೇಳವಲ್ರು."

ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಸಿಕ್ಕ ಬಸ್ಸು ಹತ್ತಿದೆ.

ನಿಂಗವ್ವ ಪಡಸಾಲೆಯಲ್ಲಿ ಸುಮ್ಮನೆ ಕೂತಿದ್ದಳು. ಮಡಿಲಲ್ಲಿ ಕೆಲಸವಿರಲಿಲ್ಲ. ಅವಳ ಮುಂದೆ ಕೂತು, ನಾನು ಮಾಡಿದ್ದನ್ನು ಬಿಡಿಸಿ ಹೇಳಿದೆ. ದನಿ ಇಲ್ಲಿಯದು, ಚಿತ್ರ ಅಲ್ಲಿಯದು, ನಾನೇ ಕೂಡಿಸಿದೆ, ತಪ್ಪಾಯಿತು ಆಯಿ ಎಂದೆ. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ನಾ ಹೇಳಿದ್ದು ಸುಳ್ಳಲ್ಲ. ನೀ ತೋರಿಸಿದ ಅರಬೀನೂ ಸುಳ್ಳಲ್ಲ. ಎರಡೂ ಕೂಡಿ ಹ್ಯಾಂಗ ಸುಳ್ಳಾದೂವು ತಂಗಿ?"

ನಾನು ಚೀಲವನ್ನು ಹತ್ತಿರ ಎಳೆದುಕೊಂಡೆ.

"ಗಂಗವ್ವನ್ನ ಕರದು ಹೇಳಿಸೂಣೇನು ಆಯಿ? ಯಾವ ಸೀರಿ ಅಂತ ಆಕಿಗೆ ಗೊತ್ತದಲ್ಲ," ಎಂದೆ.

ಆಗ ಮಾತ್ರ ಅವಳಿಗೆ ಸಿಟ್ಟು ಬಂತು. "ಆಕಿನ್ನ ಇದರಾಗ ಎಳಿಬ್ಯಾಡ. ಮಗಳನ್ನ ಕಳಕೊಂಡಾಕಿ. ಆಕಿ ಮಗಳ ಅರಬಿ ಕೆಟ್ಟದ್ದು ಅಂತ ಊರಾಗೆಲ್ಲಾ ಆಡಾಕತ್ತಾರ, ಅದನ್ನ ಆಕಿ ಬಾಯಿಲೆ ಬ್ಯಾರೆ ಹೇಳಸ್ತಿ ಏನು?"

ಗಂಗವ್ವ ಎಂಬ ಜೀವ ಒಂದಿದೆ, ಅವಳಿಗೂ ಕಿವಿಯಿದೆ ಎಂಬುದು ನನಗೆ ಹೊಳೆದದ್ದು ಆ ಹೊತ್ತಿಗೆ. ಅವಳ ಮಗಳ ಸಾವನ್ನು ಊರಿಗೆಲ್ಲ ಹಂಚುವ ಮೊದಲು ಅವಳನ್ನು ಒಂದು ಮಾತು ಕೇಳಿರಲಿಲ್ಲ. ಕೇಳಬೇಕು ಅನಿಸಿಯೂ ಇರಲಿಲ್ಲ.

ಶಾಂತವ್ವನ ಮನೆಗೆ ನಾನೊಬ್ಬಳೇ ಹೋದೆ. ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು, ನೀರು ಕೊಡಲಿಲ್ಲ. ಕೂಸು ಕುಂಯ್‌ಗುಡುತ್ತಿತ್ತು. ಬಾಗಿಲಲ್ಲಿ ನಿಂತ ಸವಿತಾ ಅದಕ್ಕೆ ಅಂಗಡಿಯ ಬ್ಲಾಂಕೆಟ್ಟು ಸುತ್ತಿ ಎತ್ತಿಕೊಂಡಿದ್ದಳು. ಓಣಿಯ ಐದಾರು ಹೆಂಗಸರು ಬಂದು ಸುತ್ತ ನಿಂತರು. ನಾನು ಲ್ಯಾಪ್‌ಟಾಪು ತೆರೆದು ಎಡಿಟ್ ಮಾಡದ ಚಿತ್ರ ಹಚ್ಚಿದೆ. ನಿಂಗವ್ವ ಮಾತಾಡುತ್ತಾಳೆ, ಅವಳ ಭುಜ ಮಡಿಲು ಬಿಟ್ಟು ಪಕ್ಕದ ಹಾಸಿಗೆಯ ಕಡೆ ವಾಲುತ್ತದೆ. "ನೋಡ್ರಿ, ಕೂಸಿನ ಕೌದಿ ಮುಟ್ಟಿಲ್ಲ. ತಾನು ಕುಂತ ಕೌದಿ ಮುಟ್ಟಿ ಹೇಳ್ಯಾಳ," ಎಂದೆ.

ಶಾಂತವ್ವ ಅದನ್ನು ಎರಡು ಸಲ ನೋಡಿದಳು. ಆಮೇಲೆ ಹಿಂದೆ ಸರಿದಳು.

"ಅವತ್ತ ಹಂಗ ತೋರಿಸಿದ್ರಿ, ಇವತ್ತ ಹಿಂಗ ತೋರಸಾಕತ್ತೀರಿ, ನಾಳೆ ಮತ್ತೊಂದು ತೋರಸ್ತೀರಿ. ಯಾವುದು ಬೇಕಾದ್ದು ಆಗ್ತೈತಲ್ರಿ ನಿಮ್ಮ ಕೈಯಾಗ. ಯಾವುದನ್ನ ನಂಬಲಿ ಬಾಯಾರ?"

ಅವಳ ಮಾತಿನಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. "ಒಂಬತ್ತು ವರ್ಷ ಕಾದೇವ್ರಿ ಈ ಕೂಸಿಗೆ," ಎಂದಳು, ಕೂಸಿನ ಹಣೆ ಮುಟ್ಟಿ ನೋಡುತ್ತ. ಅದುವರೆಗೆ ನಾನು ಅವಳನ್ನು ಜಗಳಗಂಟಿ ಎಂದು ಲೆಕ್ಕ ಹಾಕಿದ್ದೆ. ಅವಳು ಹೆದರಿದ್ದಳು, ಅಷ್ಟೇ.

ಅಷ್ಟರಲ್ಲಿ ಹೆಂಗಸರು ಸರಿದು ದಾರಿ ಬಿಟ್ಟರು. ಐವತ್ತೈದರ ಆಸುಪಾಸಿನ ಒಬ್ಬಳು ಕಂಕುಳಲ್ಲಿ ಸಣ್ಣ ಗಂಟು ಹಿಡಿದು ಬರುತ್ತಿದ್ದಳು. ಹಿಂದೆ ನಿಂಗವ್ವ, ತನ್ನ ಹಳೆಯ ಕೌದಿಯನ್ನು ಸುತ್ತಿ ತಲೆಯ ಮೇಲೆ ಹೊತ್ತು, ಬ್ಯಾಡ ಬ್ಯಾಡ ಗಂಗವ್ವಾ ಎನ್ನುತ್ತ ಬರುತ್ತಿದ್ದಳು. ಯಾರೂ ಕರೆದಿರಲಿಲ್ಲ, ಸುದ್ದಿ ಕೇಳಿ ಗಂಗವ್ವ ತಾನಾಗಿ ಎದ್ದು ಬಂದಿದ್ದಳು. ಅವಳು ಕಟ್ಟೆ ಹತ್ತಲಿಲ್ಲ. ಕೂಸು ಬಾಣಂತಿ ಇರುವ ಮನೆ ಎಂದು ತಾನೇ ನಾಲ್ಕು ಮಾರು ದೂರ, ಅಂಗಳದ ಅಂಚಿನಲ್ಲಿ ನಿಂತಳು. ಯಾರೂ ಬಾ ಎನ್ನಲಿಲ್ಲ.

"ಹಾಸ ನಿಂಗಕ್ಕಾ," ಎಂದಳು.

ನಿಂಗವ್ವ ಕೌದಿ ಬಿಚ್ಚಿ ಹಾಸಿದಳು. ಗಂಗವ್ವ ಗಂಟಿನಿಂದ ಹಸಿರು ಸೆರಗೊಂದನ್ನು ತೆಗೆದಳು. ಸಣ್ಣ ಚೌಕಡಿಯ ಸೀರೆ, ಒಂದು ಅಂಚು ಹರಿದದ್ದು. ಬಗ್ಗಿ ಅದನ್ನು ಕೌದಿಯ ಮೂಲೆಯ ಹಸಿರು ಚೂರಿನ ಮಗ್ಗುಲಿಗೆ ಇಟ್ಟು ಅಂಗೈಯಿಂದ ಸವರಿದಳು. ಗೆರೆಗೆ ಗೆರೆ ಕೂಡಿತು. ನೋಡಿದವರಿಗೆ ಇನ್ನೊಂದು ಮಾತು ಬೇಕಿರಲಿಲ್ಲ.

ಶಾಂತವ್ವ ಮೆಟ್ಟಿಲಿಳಿದು ಬಂದು, ಕೂತು, ಕಣ್ಣು ಹತ್ತಿರ ತಂದು ನೋಡಿದಳು. ಎದ್ದು ದನದ ಮನೆಗೆ ಹೋಗಿ ಕೂಸಿನ ಕೌದಿ ಹಿಡಿದು ಬಂದಳು. ಒಂದು ಮೂಲೆಗೆ ಸಗಣಿ ಮೆತ್ತಿತ್ತು. ನಡುವಿನ ಹಸಿರು ಬಟ್ಟೆಯಲ್ಲಿ ಚೌಕಡಿಯಿರಲಿಲ್ಲ, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ನೋಡಿದಳು.

"ಇದು ನಮ್ಮವ್ವಂದ," ಎಂದಳು ಸಣ್ಣಗೆ.

ಗಂಗವ್ವ ನಿಂತಲ್ಲಿಂದಲೇ ಹೇಳಿದಳು. "ನನ್ನ ಮಗಳ ಸೀರಿ ನಿಮ್ಮ ಕೂಸಿನ ಮ್ಯಾಲ ಇಲ್ಲರೀ ಅಕ್ಕಾರ. ಧೈರ್ಯಾಲೆ ಹೊಚ್ಚ್ರಿ."

ನನ್ನ ಮಗಳ ಸೋಂಕು ನಿಮಗಿಲ್ಲ ಎಂದು ಹೆತ್ತವಳು ಹತ್ತು ಜನರ ಮುಂದೆ ಸಾಕ್ಷಿ ಹೇಳಬೇಕಾಯಿತು. ಹೇಳಿಸಿದವಳು ನಾನು.

ಶಾಂತವ್ವ ನಿಂಗವ್ವನ ಕೈ ಹಿಡಿದುಕೊಂಡಳು. ಸವಿತಾ ಕೌದಿಯನ್ನು ಒಗೆಯಲು ಇಸಿದುಕೊಂಡಳು. ಎರಡು ದಿನದಲ್ಲಿ ಕೂಸಿನ ಜ್ವರ ಇಳಿಯಿತು, ವಾರದೊಳಗೆ ನಿಂಗವ್ವನ ಮನೆಗೆ ಸೀರೆಗಳು ತಿರುಗಿ ಬಂದವು. ಅದೆಲ್ಲ ಆಮೇಲೆ ಸವಿತಾ ಫೋನಿನಲ್ಲಿ ಹೇಳಿದ್ದು.

ಆವತ್ತು ನಾನು ಗಂಗವ್ವನ ಹಿಂದೆ ನಡೆದೆ. ಮಳೆ ನಿಂತಿತ್ತು. ಅವಳು ಸೆರಗನ್ನು ಗಂಟು ಕಟ್ಟಿಕೊಂಡು ಬಿರಬಿರನೆ ಹೊರಟಿದ್ದಳು. ಓಣಿಯ ತಿರುವಿನಲ್ಲಿ ಅವಳನ್ನು ಹಿಡಿದು, ಕೈ ಮುಗಿದೆ.

"ತಪ್ಪಾತ್ರಿ. ನಿಮ್ಮನ್ನ ಕೇಳದ ಹಾಕಬಾರದಿತ್ತು. ಆ ವಿಡಿಯೋ ಅಳಿಸಿ ಹಾಕೀನ್ರಿ. ಇನ್ನ ಯಾರೂ ನೋಡೂದಿಲ್ಲ."

ಇದನ್ನು ಕೇಳಿದರೆ ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಗಂಗವ್ವ ನಿಂತಳು.

"ನೀವ ಅಳಿಸಿದ್ರ್ಯಾ?"

"ಹೂಂನ್ರಿ. ಮೂರು ದಿನಾ ಆತು."

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ನಾ ಫೋನ್ ಕೆಟ್ಟೈತಿ ಅಂದಕೊಂಡಿದ್ನೆವಾ," ಎಂದಳು. "ನಮ್ಮ ಮನ್ಯಾಗ ಆಕಿ ಹೆಸರು ಯಾರೂ ತಗಿಯೂದಿಲ್ಲ. ತಗದ್ರ ನಾ ಅಳತೀನಂತ ಎಲ್ಲಾರೂ ಬಾಯಿ ಮುಚಗೊಂಡ ಇರತಾರ. ಆರು ವರ್ಷದಾಗ ರೇಣುಕಾ ಅಂತ ನನ್ನ ಕಿವಿಗೆ ಬಿದ್ದದ್ದ ನಿಮ್ಮ ವಿಡಿಯೋದಾಗ. ಅರಬಿ ಯಾರದಾರ ತೋರಸ್ರಿ, ಅದನ್ನ ಯಾರು ನೋಡತಾರ. ನಿಂಗಕ್ಕ ಆಕಿ ನಗೂದನ್ನ ಹೇಳ್ತಾಳಲ್ಲ, ಅಷ್ಟ ಕೇಳತಿದ್ದೆ. ದಿನಾ ಮಧ್ಯಾಹ್ನ, ಎಲ್ಲಾರೂ ಹೊಲಕ್ಕ ಹ್ವಾದ ಮ್ಯಾಲ."

ನಾನು ಅಲ್ಲೇ ಇದ್ದ ಒಂದು ಮನೆಯ ಕಟ್ಟೆಯ ಮೇಲೆ ಕೂತೆ. ಚೀಲದಿಂದ ಲ್ಯಾಪ್‌ಟಾಪು ತೆಗೆದೆ. ಅವಳು ಬಂದು ಪಕ್ಕದಲ್ಲಿ ಕೂತಳು, ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಆ ಜಾಗ ಹುಡುಕಿ ಹಚ್ಚಿದೆ. ಹಸಿರು ಚೂರಿನ ಚಿತ್ರವಿಲ್ಲ, ಏನೂ ಇಲ್ಲ, ನಿಂಗವ್ವನ ಮುಖ ಮತ್ತು ದನಿ ಮಾತ್ರ. ಎಷ್ಟು ನಗತಿತ್ತು ಹುಡುಗಿ, ನಕ್ಕರ ಹಿಂದಿನ ಓಣಿಗೆ ಕೇಳಬೇಕು.

"ಇನ್ನೊಮ್ಮೆ ಹಚ್ಚವಾ," ಎಂದಳು ಗಂಗವ್ವ.

ಹಚ್ಚಿದೆ.